ಕೊಲೆಗಾರ ಯಾರು ಅಂತ ನೀವ್ಯಾಕೆ ಹೇಳಿದ್ರಿ?

ಮೂಡಿಗೆರೆಯಿಂದ ನೀವು ನಮ್ಮ ಪತ್ರಿಕೆಗೆ ಕಳಿಸಿದ ಲೇಖನ ಹೋದ ವಾರ ಕೈ ಸೇರಿತು. ಎಲ್ಲಿಸ್ ಪೀಟರ್ಸ್ ಅನ್ನೋ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿ ಬರೆದ ಇಂಗ್ಲೆಂಡಿನ ಎಡಿತ್ ಪಾರ್ಜೆಟರ್ ಬಗ್ಗೆ ಕನ್ನಡದಲ್ಲಿ ಎಂಟು ಪುಟ. ಖುಷಿಯಾಯಿತು. ಓದಿಕೊಂಡಿದ್ದೀರಿ, ಕಷ್ಟಪಟ್ಟಿದ್ದೀರಿ, ಕಾಗುಣಿತದ ತಪ್ಪೂ ಇಲ್ಲ. ಹೊಗಳಿಕೆ ಇಷ್ಟು ಸಾಕು ಅಲ್ವಾ?

ಈಗ ಜಗಳ. ನಿಮ್ಮ ಲೇಖನ ಬಂದ ದಿನ ಅವರ ‘ಮಾಂಕ್ಸ್ ಹುಡ್’ ನನ್ನ ಮೇಜಿನ ಮೇಲೆ ಬೋರಲಾಗಿ ಮಲಗಿತ್ತು, ಅರ್ಧ ಓದಿದ್ದೆ. ನಿಮ್ಮ ಮೂರನೇ ಪುಟ ತೆಗೆದರೆ, ‘ಇದರಲ್ಲಿ ವಿಷ ಹಾಕಿದ್ದು’ ಅಂತ ಶುರು ಮಾಡಿ ಹೆಸರು, ಕಾರಣ ಎರಡನ್ನೂ ಒಂದೇ ಸಾಲಿನಲ್ಲಿ ಹೇಳಿಬಿಟ್ಟಿದ್ದೀರಿ! ಕಾಫಿ ಲೋಟ ಕೆಳಗಿಟ್ಟು ಸ್ವಲ್ಪ ಹೊತ್ತು ಗೋಡೆ ನೋಡಿಕೊಂಡು ಕೂತೆ. ಮುಂದಿನ ಸಾಲಲ್ಲಿ ನೀವು ‘ಕೊನೆಯವರೆಗೂ ಕುತೂಹಲ ಉಳಿಸುವ ಕೃತಿ’ ಅಂತ ಬೇರೆ ಬರೆದಿದ್ದೀರಿ. ಯಾರಿಗೆ ಉಳಿಯಿತು ಮಾರಾಯ್ರೆ?

ಗುಟ್ಟು ಬಿಡದೆ ಪತ್ತೇದಾರಿ ಪುಸ್ತಕದ ಬಗ್ಗೆ ಬರೆಯೋದು ಹೇಗೆ ಅಂತ ಕೇಳ್ತೀರಿ. ದಾರಿ ನಿಮ್ಮ ಲೇಖನದಲ್ಲೇ ಇತ್ತು, ಅದನ್ನು ದಾಟಿ ಹೋಗಿದ್ದೀರಿ. ಮೊದಲ ಪುಟದ ಸಾಲು ಇದು: ‘ಕೆಲಕಾಲ ಔಷಧಿ ಅಂಗಡಿಯಲ್ಲಿ ಕೆಲಸ ಮಾಡಿ ನಂತರ ಸಾಹಿತ್ಯ ಕ್ಷೇತ್ರಕ್ಕೆ ಕಾಲಿಟ್ಟರು.’ ಕೆಲಕಾಲ ಅಲ್ಲ. 1933ರಿಂದ 1940ರವರೆಗೆ, ಸುಮಾರು 7 ವರ್ಷ, ಡಾಲಿ ಅನ್ನೋ ಊರಿನ ಔಷಧಿ ಅಂಗಡಿಯಲ್ಲಿ ಸಹಾಯಕಿ. ಮೊದಲ ಕಾದಂಬರಿ ಅಚ್ಚಾಗಿದ್ದು 1936ರಲ್ಲಿ. ಅಂದರೆ ಅಂಗಡಿಯಲ್ಲಿ ಇರುವಾಗಲೇ ಬರೆಯುತ್ತಿದ್ದರು, ‘ನಂತರ’ ಅನ್ನೋದೇ ತಪ್ಪು. ಆಮೇಲೆ 1977ರಲ್ಲಿ ಅವರು ಸೃಷ್ಟಿಸಿದ ಪತ್ತೇದಾರ ಕ್ಯಾಡ್‌ಫೆಲ್ ಯಾರು? ಹನ್ನೆರಡನೇ ಶತಮಾನದಲ್ಲಿ, ಶ್ರೂಸ್‌ಬರಿ ಅನ್ನೋ ಊರಿನ ಮಠದಲ್ಲಿ ಗಿಡಮೂಲಿಕೆ ಬೆಳೆದು ಎಣ್ಣೆ, ಕಷಾಯ ಕಾಸುವ ಸನ್ಯಾಸಿ. ನಾನು ಅರ್ಧಕ್ಕೆ ಬಿಟ್ಟ ಪುಸ್ತಕದಲ್ಲಿ, ಕೀಲುನೋವಿಗೆ ಹಚ್ಚಲಿ ಅಂತ ಅವನೇ ಮಾಡಿಟ್ಟ ಎಣ್ಣೆ ಇನ್ಯಾರದೋ ಊಟಕ್ಕೆ ಬಿದ್ದಿರುತ್ತದೆ. ನಮ್ಮ ಕಡೆ ವತ್ಸನಾಭಿ ಅಂತಾರಲ್ಲ, ಅದೇ ಜಾತಿಯ ಗಿಡದ ಎಣ್ಣೆ. ತನ್ನ ಮದ್ದೇ ವಿಷವಾಯಿತಲ್ಲ ಅಂತ ಅವನು ನರಳುವುದನ್ನು ಓದುವಾಗ ಆ ಅಂಗಡಿಯ ಶೀಶೆಗಳು ಕಣ್ಣಿಗೆ ಕಾಣಬೇಕು. ಇಷ್ಟು ಹೇಳಿದರೂ ಕೊಲೆಗಾರ ಸಿಕ್ಕಲಿಲ್ಲ, ನೋಡಿ.

ಇನ್ನೊಂದು ಸಾಲು. ಕ್ಯಾಡ್‌ಫೆಲ್‌ನ ಇನ್ನೊಂದು ಕಾದಂಬರಿ ‘ಒನ್ ಕಾರ್ಪ್ಸ್ ಟೂ ಮೆನಿ’ ಬಗ್ಗೆ ನೀವು ಬರೆದಿದ್ದು: ‘ಇತಿಹಾಸ ಮತ್ತು ರೋಚಕತೆಯ ಅದ್ಭುತ ಸಂಗಮ.’ ಸಂಗಮ ಎಲ್ಲಿದೆ, ತೋರಿಸಿ! 1138. ಇಂಗ್ಲೆಂಡಿನ ಸ್ಟೀಫನ್ ರಾಜ ಶ್ರೂಸ್‌ಬರಿ ಕೋಟೆ ಹಿಡಿದು ಒಳಗಿದ್ದ 94 ಜನರನ್ನು ನೇಣಿಗೆ ಹಾಕಿಸುತ್ತಾನೆ. ಹೆಣಗಳಿಗೆ ಸಂಸ್ಕಾರ ಮಾಡಲು ಹೋದ ಕ್ಯಾಡ್‌ಫೆಲ್ ಎಣಿಸುತ್ತಾನೆ. 95. ರಾಜ ಕೊಂದವರ ನಡುವೆ ಯಾರೋ ತಮ್ಮದೊಂದು ಹೆಣ ಸೇರಿಸಿದ್ದಾರೆ. ಮುತ್ತಿಗೆಯ ಕಥೆ, ಕೊಲೆಯ ಕಥೆ ಎರಡೂ ಆ ಒಂದು ಅಂಕಿಯಲ್ಲಿ ಗಂಟು ಬಿದ್ದಿವೆ. ನೀವು ಹೇಳಬೇಕಿದ್ದದ್ದು ಇದನ್ನು. ಅದರ ಬದಲು ‘ನಮಗೆ ತೀರಾ ದೂರದ ಕಾಲ’ ಅಂತ ಕೈ ತೊಳೆದುಕೊಂಡಿರಿ. ಅದೇ 1138ರಲ್ಲಿ ಇಲ್ಲಿ ದೋರಸಮುದ್ರದಲ್ಲಿ ವಿಷ್ಣುವರ್ಧನ ಆಳುತ್ತಿದ್ದ, ಬೇಲೂರಿನ ಚೆನ್ನಕೇಶವ ಗುಡಿಗೆ ಆಗ 21 ವರ್ಷ. ಹಾಸನದಿಂದ ಒಂದು ಬಸ್ಸು ಹತ್ತಿದರೆ ಸಿಗುವಷ್ಟೇ ದೂರ!

ಅವರಿಗೆ ಬಂದ ಎಡ್ಗರ್, ಡೈಮಂಡ್ ಡ್ಯಾಗರ್ ಪ್ರಶಸ್ತಿಗಳು, ಚೆಕ್ ಭಾಷೆಯಿಂದ ಅವರು ಮಾಡಿದ ಅನುವಾದಗಳು ಎಲ್ಲ ಇರಲಿ ಬಿಡಿ, ಅದಕ್ಕೆ ನನ್ನ ತಕರಾರಿಲ್ಲ.

ನಾನು ಇಷ್ಟು ರೇಗೋದಕ್ಕೆ ಹಳೇ ಕಾರಣ ಒಂದಿದೆ. ಓದು ಮುಗಿಸಿ ಇಲ್ಲಿಯೇ ಹಾಸನದಲ್ಲಿ ಒಂದು ವಾರಪತ್ರಿಕೆಗೆ ಸೇರಿದ್ದೆ. ಪ್ರೂಫ್ ನೋಡೋದು, ಟೀ ತರೋದು, ಜಾಗ ಉಳಿದರೆ ಪುಸ್ತಕದ ಬಗ್ಗೆ ನಾಲ್ಕು ಸಾಲು ಬರೆಯೋದು. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಬಾಡಿಗೆ ಲೈಬ್ರರಿ ಇತ್ತು, ದಿನಕ್ಕೆ 25 ಪೈಸೆ. ಅಲ್ಲಿಂದ ಹೊಸ ಪತ್ತೇದಾರಿ ಕಾದಂಬರಿ ತಂದು, ಜಾಣತನ ತೋರಿಸೋಕೆ ಅಂತ, ‘ಕೊಲೆಗಾರ ಭಾವಮೈದುನ ಅನ್ನೋದು ನನಗೆ ಐದನೇ ಅಧ್ಯಾಯದಲ್ಲೇ ಗೊತ್ತಾಯಿತು’ ಅಂತ ಬರೆದೆ. ನಮ್ಮ ಸಂಪಾದಕರು ಏನೂ ಅನ್ನಲಿಲ್ಲ, ಅಚ್ಚು ಮಾಡಿದರು. ಮುಂದಿನ ವಾರ ಪುಸ್ತಕ ವಾಪಸ್ ಕೊಡಲು ಹೋದಾಗ ಲೈಬ್ರರಿಯವರು ಅದನ್ನು ತಗೊಳ್ಳಲೇ ಇಲ್ಲ. ‘ಇದನ್ನ ಇನ್ಯಾರು ಒಯ್ತಾರಪ್ಪ? ಕಾದಿದ್ದವರೆಲ್ಲ ನಿನ್ನ ಪೇಪರ್ ಓದ್ಬಿಟ್ರು. ಒಂದು ತಿಂಗಳ ಬಾಡಿಗೆ ನೀನೇ ಕೊಡು’ ಅಂದರು. ಏಳೂವರೆ ರೂಪಾಯಿ. ಜೇಬಲ್ಲಿ ಇದ್ದದ್ದು ಮೂರು. ಉಳಿದದ್ದನ್ನು ಎರಡು ಕಂತಲ್ಲಿ ತೀರಿಸಿದೆ. ಅದೂ ಎಣಿಸಿ ಎಣಿಸಿ ತಗೊಂಡರು.

ಲೇಖನ ತಿದ್ದಿ ಕಳಿಸಿ. ಎಂಟು ಪುಟ ಬೇಡ, ನಾಲ್ಕು ಸಾಕು. ಔಷಧಿ ಅಂಗಡಿಯಿಂದ ಶುರು ಮಾಡಿ. ಮೂರನೇ ಪುಟದ ಆ ಸಾಲನ್ನು ನಾನೇ ಕಪ್ಪು ಇಂಕಿನಲ್ಲಿ ಹೊಡೆದು ಹಾಕಿದ್ದೇನೆ, ನಮ್ಮ ಆಫೀಸಿನಲ್ಲಿ ಇನ್ನಿಬ್ಬರು ಆ ಪುಸ್ತಕಕ್ಕೆ ಕಾಯ್ತಾ ಇದ್ದಾರೆ. ಅಚ್ಚಾದಾಗ ಗೌರವಧನ ಕಳಿಸ್ತೀವಿ, ಅದರಲ್ಲಿ ಏಳೂವರೆ ರೂಪಾಯಿ ಹಿಡಿದುಕೊಳ್ತೀನಿ.