ಕಲುಷಿತ ನೆಲದ ಶುದ್ಧೀಕರಣಕ್ಕೆ ಸರ್ಕಾರದ ಹಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಗೆ ಸೇರಿದ ಜಾಗದಲ್ಲಿ ಹಿಂದೆ ಮರದ ಕಂಬಗಳಿಗೆ ಗೆದ್ದಲು ಹಿಡಿಯದಂತೆ ಔಷಧಿ ಹಾಕುವ ಘಟಕವೊಂದು ಗುತ್ತಿಗೆಯ ಮೇಲೆ ನಡೆಯುತ್ತಿತ್ತು. ಅದು ಮುಚ್ಚಿ ಬಹಳ ವರ್ಷಗಳಾದವು. ನಡೆಸುತ್ತಿದ್ದವರು ಈಗ ಎಲ್ಲಿದ್ದಾರೆಂದು ಊರಿನಲ್ಲಿ ಯಾರಿಗೂ ತಿಳಿಯದು. ಕಂಬ ಅದ್ದುತ್ತಿದ್ದ ಸಿಮೆಂಟ್ ತೊಟ್ಟಿ ಹಾಗೆಯೇ ಇದೆ. ಅದರ ಸುತ್ತಲಿನ ಮಣ್ಣು ಹಸಿರುಗಟ್ಟಿದ್ದು, ಮಳೆಗಾಲದಲ್ಲೂ ಅಲ್ಲಿ ಹುಲ್ಲು ಚಿಗುರುವುದಿಲ್ಲ. ಇಳಿಜಾರಿನ ಕೆಳಗಿನ ಮನೆಗಳವರು ಬಾವಿಯ ನೀರನ್ನೇ ಕುಡಿಯುತ್ತಾರೆ. ಜಾಗವನ್ನು ಶುದ್ಧ ಮಾಡಿಸಿ ಅಂಗನವಾಡಿ ಕಟ್ಟಬೇಕೆಂಬುದು ನಮ್ಮ ಆಸೆ. ಅನುದಾನಕ್ಕೆ ಯಾರಿಗೆ, ಹೇಗೆ ಅರ್ಜಿ ಸಲ್ಲಿಸಬೇಕು?
— ಪಂಚಾಯಿತಿ ಸದಸ್ಯೆ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಅರ್ಜಿಯ ವಿಚಾರಕ್ಕೆ ಮೊದಲು ಬಾವಿಯ ವಿಚಾರ. ಪರೀಕ್ಷೆಯ ವರದಿ ಬರುವವರೆಗೆ ಆ ಮನೆಗಳಿಗೆ ಬೇರೆ ಮೂಲದಿಂದ ಕುಡಿಯುವ ನೀರು ಕೊಡುವ ಏರ್ಪಾಡನ್ನು ದಯವಿಟ್ಟು ಈ ವಾರವೇ ಮಾಡಿ. ಕಂಬಗಳ ಸಂರಕ್ಷಣೆಗೆ ವ್ಯಾಪಕವಾಗಿ ಬಳಕೆಯಲ್ಲಿದ್ದ ‘ಸಿಸಿಎ’ ದ್ರಾವಣದಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಮೂರೂ ಇರುತ್ತವೆ. ನೀವು ಬರೆದಿರುವ ಹಸಿರು ಬಣ್ಣ ಅದರ ಕಡೆಗೇ ಬೊಟ್ಟು ಮಾಡುತ್ತದೆ. ನೀರನ್ನು ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಇದನ್ನು ಮನೆಮನೆಗೆ ಹೋಗಿ ತಿಳಿಸಬೇಕು.

ಇನ್ನು ಹಣದ ಮಾತು. ಇಂತಹ ಜಾಗಗಳಿಗಾಗಿಯೇ ಕೇಂದ್ರ ಪರಿಸರ ಸಚಿವಾಲಯವು 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2025ರ ಜುಲೈನಲ್ಲಿ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳನ್ನು ಹೊರಡಿಸಿದೆ. ಅದರ ಪ್ರಕಾರ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತವು ಶಂಕಿತ ತಾಣಗಳನ್ನು ಗುರುತಿಸಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಮಂಡಳಿಯು 90 ದಿನಗಳೊಳಗೆ ಪ್ರಾಥಮಿಕ ಪರಿಶೀಲನೆ ಮಾಡಿ, ಅಗತ್ಯ ಕಂಡರೆ ವಿವರವಾದ ಸಮೀಕ್ಷೆಗೆ ಮುಂದಾಗಬೇಕು. ಶುದ್ಧೀಕರಣದ ವೆಚ್ಚವನ್ನು ಮಲಿನಗೊಳಿಸಿದವರೇ ಭರಿಸಬೇಕು ಎಂಬುದು ಇಲ್ಲಿಯೂ ಮೂಲ ನಿಯಮ. ರಾಜಸ್ಥಾನದ ಬಿಚ್ಛಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಗಟ್ಟಿಯಾಗಿ ಎತ್ತಿಹಿಡಿದ ತತ್ತ್ವವದು. ಹೊಣೆಗಾರರು ಪತ್ತೆಯಾಗದಿದ್ದರೆ ಅಥವಾ ಅವರಿಗೆ ಭರಿಸುವ ಶಕ್ತಿಯೇ ಇಲ್ಲದಿದ್ದರೆ ಮಾತ್ರ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಹಣ ಬರುತ್ತದೆ. ಆದ್ದರಿಂದ ನೀವು ಸಲ್ಲಿಸಬೇಕಾದದ್ದು ‘ನಮಗೆ ಇಷ್ಟು ಲಕ್ಷ ಕೊಡಿ’ ಎಂಬ ಮನವಿಯಲ್ಲ. ಈ ಜಾಗವನ್ನು ಶಂಕಿತ ತಾಣವೆಂದು ಪರಿಶೀಲಿಸಬೇಕೆಂದು ಕೋರುವ, ಪಂಚಾಯಿತಿ ಸಾಮಾನ್ಯ ಸಭೆಯ ನಿರ್ಣಯದೊಂದಿಗಿನ ಪತ್ರ. ಅದನ್ನು ಶಿವಮೊಗ್ಗದಲ್ಲಿರುವ ಮಂಡಳಿಯ ಪ್ರಾದೇಶಿಕ ಕಚೇರಿಗೆ ಕಳುಹಿಸಿ, ಪ್ರತಿಯನ್ನು ಜಿಲ್ಲಾಧಿಕಾರಿಗಳಿಗೂ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಗಳಿಗೂ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ದಿನಗಳ ಲೆಕ್ಕ ಆ ಮೊಹರಿನಿಂದಲೇ ಶುರುವಾಗುತ್ತದೆ.

‘ನಡೆಸುತ್ತಿದ್ದವರು ಯಾರಿಗೂ ತಿಳಿಯದು’ ಎಂಬ ಮಾತು ಕಡತದಲ್ಲಿ ನಿಲ್ಲುವುದಿಲ್ಲ. ಪಂಚಾಯಿತಿಯ ಹಳೆಯ ದಾಖಲೆಗಳಲ್ಲಿ ಗುತ್ತಿಗೆ ಪತ್ರ, ಲೈಸೆನ್ಸ್ ನವೀಕರಣ, ತೆರಿಗೆ ರಸೀದಿಗಳನ್ನು ಹುಡುಕಿ. ವಿದ್ಯುತ್ ಸಂಪರ್ಕ ಯಾರ ಹೆಸರಿನಲ್ಲಿತ್ತು, ಕಂಬಗಳನ್ನು ಯಾವ ಇಲಾಖೆ ಕೊಳ್ಳುತ್ತಿತ್ತು ಎಂಬುದನ್ನು ಲಿಖಿತವಾಗಿ ಕೇಳಿ. ಅಲ್ಲಿ ಕೆಲಸ ಮಾಡಿದ ಹಿರಿಯರು ಊರಿನಲ್ಲಿದ್ದರೆ ಅವರ ಹೇಳಿಕೆಯನ್ನು ಬರೆದುಕೊಳ್ಳಿ. ಹೊಣೆಗಾರರು ಸಿಕ್ಕರೆ ಒಳ್ಳೆಯದೇ. ಸಿಗದಿದ್ದರೆ, ಹುಡುಕಿದ್ದಕ್ಕೆ ಇರುವ ಈ ಪುರಾವೆಯೇ ಸರ್ಕಾರದ ಹಣ ಕೇಳಲು ನಿಮಗಿರುವ ಆಧಾರ.

ಮಂಡಳಿಯವರು ಬರುವ ಮೊದಲು ನೀವೇ ಒಂದಿಷ್ಟು ಮಾದರಿಗಳನ್ನು ಎನ್‌ಎಬಿಎಲ್ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದರೆ ಪತ್ರಕ್ಕೆ ತೂಕ ಬರುತ್ತದೆ. ಇಲ್ಲಿ ಎರಡು ಕಡೆ ಎಚ್ಚರ ಬೇಕು. ಪಂಚಾಯಿತಿಯಲ್ಲಿರುವ ಕಿಟ್‌ನಿಂದ ಮಾಡುವ ನೀರಿನ ಪರೀಕ್ಷೆ ಸಾಮಾನ್ಯವಾಗಿ ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ ಮುಂತಾದವುಗಳಿಗೆ ಸೀಮಿತ. ಅದರಲ್ಲಿ ‘ಯೋಗ್ಯ’ ಎಂದು ಬಂದರೆ ಕ್ರೋಮಿಯಂ ಇಲ್ಲವೆಂದು ಅರ್ಥವಲ್ಲ. ಆರ್ಸೆನಿಕ್, ತಾಮ್ರ, ಒಟ್ಟು ಕ್ರೋಮಿಯಂ ಮತ್ತು ಹೆಚ್ಚು ಅಪಾಯಕಾರಿಯಾದ ಹೆಕ್ಸಾವೇಲೆಂಟ್ ಕ್ರೋಮಿಯಂ ಬೇಕೆಂದು ಹೆಸರು ಹಿಡಿದು ಬರೆದುಕೊಡಬೇಕು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ ಆರ್ಸೆನಿಕ್ 0.01 ಮಿಲಿಗ್ರಾಂ, ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ ಮಿತಿಯಿದೆ. ಎರಡನೆಯದು, ನಮ್ಮ ಮಲೆನಾಡಿನ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣದ ಜೊತೆಗೆ ಕೆಲವು ಲೋಹಗಳು ಸಹಜವಾಗಿಯೇ ಇರುತ್ತವೆ. ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ತಲೆಮಾರುಗಳಿಂದ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆದಿರುವುದರಿಂದ ತಾಮ್ರವಂತೂ ಎಲ್ಲೆಡೆ ಸಿಗುತ್ತದೆ. ಹಾಗಾಗಿ ತೊಟ್ಟಿಯ ಸುತ್ತಲಿನ ಮಣ್ಣಿನೊಡನೆ, ಘಟಕಕ್ಕಿಂತ ಎತ್ತರದಲ್ಲಿರುವ, ತೋಟವಲ್ಲದ ಜಾಗದ ಮಣ್ಣನ್ನೂ ತೆಗೆಸಿ. ಆ ಹೋಲಿಕೆಯಿಲ್ಲದಿದ್ದರೆ ‘ಇದು ಈ ಸೀಮೆಯ ಮಣ್ಣಿನ ಗುಣ’ ಎಂಬ ಒಂದೇ ಮಾತಿನಲ್ಲಿ ನಿಮ್ಮ ವರದಿಯನ್ನು ಬದಿಗಿಡಬಹುದು. ಬಾವಿಯ ನೀರನ್ನು ಬೇಸಿಗೆಯ ಕೊನೆಯಲ್ಲಿ ಒಮ್ಮೆ, ಮಳೆ ಹಿಡಿದ ಮೇಲೆ ಇನ್ನೊಮ್ಮೆ ನೋಡಿಸಬೇಕು. ಇಳಿಜಾರಿನ ನೆಲದಲ್ಲಿ ಮಳೆ ನೀರು ವಿಷವನ್ನು ಎತ್ತ ಒಯ್ಯುತ್ತಿದೆ ಎಂಬುದು ಆಗಲೇ ತಿಳಿಯುತ್ತದೆ.

ಅಂಗನವಾಡಿಯ ಬಗ್ಗೆ ನನ್ನ ಅಭಿಪ್ರಾಯ ನಿಮಗೆ ಹಿಡಿಸದಿರಬಹುದು, ಆದರೂ ಹೇಳಲೇಬೇಕು. ನೆಲವನ್ನು ಎಷ್ಟರ ಮಟ್ಟಿಗೆ ಶುದ್ಧ ಮಾಡಬೇಕು ಎಂಬುದು ಮುಂದಿನ ಬಳಕೆಯನ್ನು ಅವಲಂಬಿಸಿದೆ. ಕೃಷಿ, ವಸತಿ, ವಾಣಿಜ್ಯ, ಕೈಗಾರಿಕೆಗಳಿಗೆ ಮಿತಿಗಳು ಬೇರೆಬೇರೆ. ಪುಟ್ಟ ಮಕ್ಕಳು ಮಣ್ಣಿನಲ್ಲಿ ಆಡುತ್ತಾರೆ, ಕೈಯನ್ನು ಬಾಯಿಗಿಡುತ್ತಾರೆ. ಅವರಿಗೆ ಒಪ್ಪುವಷ್ಟು ಶುದ್ಧಿ ಅತ್ಯಂತ ದುಬಾರಿಯಾದದ್ದು, ಸ್ವಲ್ಪ ಕೊರತೆಯಾದರೂ ಅಪಾಯವಾಗುವಂಥದ್ದು. ಅಂಗನವಾಡಿಗೆ ಬೇರೆ ಜಾಗ ನೋಡಿ, ಇಲ್ಲಿ ಕಾಂಕ್ರೀಟ್ ನೆಲಹಾಸಿನ ಸಂತೆ ಕಟ್ಟೆಯನ್ನೋ ವಾಹನ ನಿಲ್ದಾಣವನ್ನೋ ಯೋಚಿಸಿದರೆ ವೆಚ್ಚ ತಗ್ಗುತ್ತದೆ, ಮಂಜೂರಾಗುವ ಸಾಧ್ಯತೆಯೂ ಹೆಚ್ಚುತ್ತದೆ. ಅಲ್ಲಿಯವರೆಗೆ ಜಾಗಕ್ಕೆ ಬೇಲಿ ಹಾಕಿಸಿ. ಜೆಸಿಬಿ ತರಿಸಿ ಮಣ್ಣು ಕೆರೆದು ಹಳ್ಳಕ್ಕೆ ಸುರಿಯುವುದಾಗಲಿ, ಮೇಲೆ ಕೆಂಪು ಮಣ್ಣು ಹರಡಿ ಗಿಡ ನೆಡುವುದಾಗಲಿ ಖಂಡಿತ ಬೇಡ. ಅಂತಹ ಮಣ್ಣು 2016ರ ನಿಯಮಗಳಡಿ ಅಪಾಯಕಾರಿ ತ್ಯಾಜ್ಯವೆನಿಸಬಹುದು, ಆಗ ಅದನ್ನು ಅಧಿಕೃತ ವಿಲೇವಾರಿ ಕೇಂದ್ರಕ್ಕೇ ಸಾಗಿಸಬೇಕಾಗುತ್ತದೆ.

ಪ್ರಶ್ನೆ: ನಮ್ಮ ಪಟ್ಟಣದ ಹಳೆಯ ಕಸದ ಗುಡ್ಡೆಯನ್ನು ತೆಗೆಸಿ ಉದ್ಯಾನ ಮಾಡಲು ಮೇಲಿನ ನಿಯಮಗಳಡಿ ಹಣ ಸಿಗುವುದೇ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಬರೀ ಊರ ಕಸವಾದರೆ ಆ ನಿಯಮಗಳು ಅನ್ವಯಿಸುವುದಿಲ್ಲ, ವಿಷಕಾರಿ ರಾಸಾಯನಿಕ ಅದರಲ್ಲಿ ಬೆರೆತು ಮಿತಿ ಮೀರಿದ್ದರೆ ಮಾತ್ರ ಅನ್ವಯಿಸುತ್ತವೆ. ನಿಮ್ಮ ದಾರಿ 2021ರ ಅಕ್ಟೋಬರ್‌ನಲ್ಲಿ ಐದು ವರ್ಷಗಳ ಅವಧಿಗೆ ಆರಂಭವಾದ ಸ್ವಚ್ಛ ಭಾರತ ಮಿಷನ್ ನಗರ 2.0. ಅದರಲ್ಲಿ ಹಳೆಯ ಕಸದ ವಿಲೇವಾರಿಗೆ ಟನ್ನಿಗೆ 550 ರೂಪಾಯಿಯಂತೆ ವೆಚ್ಚ ಲೆಕ್ಕ ಹಾಕಿ, ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರುಗಳಿಗೆ ಕೇಂದ್ರವು ಶೇ 50ರಷ್ಟನ್ನು ಕೊಡುತ್ತದೆ. ಸಾಗರ ಈ ವರ್ಗಕ್ಕೆ ಸೇರುತ್ತದೆ. ಒಂದರಿಂದ ಹತ್ತು ಲಕ್ಷದೊಳಗಿನ ಶಿವಮೊಗ್ಗ, ಭದ್ರಾವತಿಗಳಿಗೆ ಈ ಪಾಲು ಶೇ 33. ಉದಾಹರಣೆಗೆ 20,000 ಟನ್ ಕಸವಿದ್ದರೆ ಅಂದಾಜು 1.10 ಕೋಟಿ, ಕೇಂದ್ರದ ಪಾಲು 55 ಲಕ್ಷ. ಅರ್ಜಿ ಹಾಕಬೇಕಾದದ್ದು ನಗರಸಭೆ, ನಾಗರಿಕರಲ್ಲ. ಆದರೆ ಅನುಮೋದಿತ ಕ್ರಿಯಾಯೋಜನೆಯಲ್ಲಿ ನಿಮ್ಮ ತಾಣದ ಹೆಸರಿದೆಯೇ, ಕಸದ ಪ್ರಮಾಣವನ್ನು ಅಳತೆ ಮಾಡಿ ಬರೆದಿದ್ದಾರೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳುವುದು ನಿಮ್ಮಿಂದ ಆಗುವ ಕೆಲಸ. ಇನ್ನೊಂದು ಮಾತು: ಒದ್ದೆ ಕಸವು ಜರಡಿ ಯಂತ್ರಕ್ಕೆ ಮೆತ್ತಿಕೊಳ್ಳುತ್ತದೆ. ನಮ್ಮ ಮಳೆಯಲ್ಲಿ ಈ ಕೆಲಸ ನಡೆಯುವುದು ನವೆಂಬರ್‌ನಿಂದ ಮೇ ವರೆಗೆ ಮಾತ್ರ. ಮಳೆಗಾಲ ಮುಗಿಯುವುದರೊಳಗೆ ಟೆಂಡರ್ ಮುಗಿಸುವಂತೆ ಈಗಲೇ ಒತ್ತಾಯಿಸಿ.

ಪ್ರಶ್ನೆ: ಶಿವಮೊಗ್ಗದಲ್ಲಿ ಹಳೆಯ ಗ್ಯಾರೇಜ್ ಇದ್ದ ನಿವೇಶನ ಕೊಳ್ಳಬೇಕೆಂದಿದ್ದೇನೆ. ನೆಲದಲ್ಲಿ ಎಣ್ಣೆ ಇಳಿದಿದೆ. ಅಮೆರಿಕದಲ್ಲಿ ಇಂತಹ ಜಾಗಕ್ಕೆ ಸರ್ಕಾರವೇ ಹಣ ಕೊಡುತ್ತದೆಂದು ಮಗ ಹೇಳುತ್ತಾನೆ. ನಮ್ಮಲ್ಲಿಯೂ ಇದೆಯೇ?
— ವ್ಯಾಪಾರಿ, ಶಿವಮೊಗ್ಗ

ಉತ್ತರ: ನಿಮ್ಮ ಮಗ ಹೇಳಿದ್ದು ಅಲ್ಲಿಯ ‘ಬ್ರೌನ್‌ಫೀಲ್ಡ್’ ಅನುದಾನಗಳನ್ನು. ಆದರೆ ಅಲ್ಲಿಯೂ ಅವು ಮುಖ್ಯವಾಗಿ ಸ್ಥಳೀಯ ಸರ್ಕಾರಗಳಿಗೆ, ಲಾಭರಹಿತ ಸಂಸ್ಥೆಗಳಿಗೆ. ತನ್ನ ಲಾಭಕ್ಕಾಗಿ ನಿವೇಶನ ಕೊಳ್ಳುವ ವ್ಯಕ್ತಿಗೆ ನೇರವಾಗಿ ಸಿಗುವುದಿಲ್ಲ. ನಮ್ಮಲ್ಲಿಯೂ ಖಾಸಗಿ ಖರೀದಿದಾರರು ಇಂತಹ ನೆರವನ್ನು ನೆಚ್ಚಿಕೊಂಡು ವ್ಯವಹಾರ ಮಾಡಬಾರದು. ಕರಾರು ಪತ್ರಕ್ಕೆ ಸಹಿ ಹಾಕುವ ಮೊದಲು ಮಣ್ಣಿನ ಪರೀಕ್ಷೆ ಮಾಡಿಸಿ, ಶುದ್ಧೀಕರಣದ ವೆಚ್ಚವನ್ನು ಮಾರಾಟಗಾರರು ಭರಿಸಬೇಕು ಅಥವಾ ಬೆಲೆಯಲ್ಲಿ ಕಳೆಯಬೇಕು ಎಂಬ ಷರತ್ತನ್ನು ವಕೀಲರಿಂದ ಬರೆಸಿಕೊಳ್ಳಿ. ಎಣ್ಣೆ ಸಂಗ್ರಹಿಸಲು ನೆಲದೊಳಗೆ ಟ್ಯಾಂಕ್ ಹೂತಿದ್ದರೆ, ಅದನ್ನು ತೆಗೆಸಿ ತೋರಿಸುವವರೆಗೆ ಮುಂಗಡ ಕೊಡಬೇಡಿ.