ಕೆಲಸವೇ ಇಲ್ಲದ ಗುತ್ತಿಗೆ ಕೆಲಸ: ನನ್ನ ಅನುಭವ

ಕೇರಳದ ಗಡಿಯ ಮಂಜೇಶ್ವರದ ಕಚೇರಿಯಲ್ಲಿ ಡೇಟಾ ಎಂಟ್ರಿಗೆಂದು ಸೇರಿ ಎರಡು ತಿಂಗಳಾದರೂ ಕೆಲಸ ಕೊಟ್ಟಿಲ್ಲ, ಸಂಬಳ ತೆಗೆದುಕೊಳ್ಳಲು ನಾಚಿಕೆಯಾಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನಾಚಿಕೆ ನಿಮ್ಮದಲ್ಲ, ಕೆಲಸ ಹಂಚದವರದ್ದು.

ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್ (ಉದ್ಯೋಗ ವಿನಿಮಯ ಕೇಂದ್ರ) ಮೂಲಕ 179 ದಿನಗಳ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದಾಗ ನನ್ನದೂ ಇದೇ ಪಾಡು. ಹತ್ತೂವರೆಗೆ ಚಹಾ, ಆಮೇಲೆ ಫ್ಯಾನಿನ ಟಕಟಕ ಎಣಿಸುವುದು. ದುಡಿದು ಬರುವ ದಣಿವಿಗಿಂತ ಸುಮ್ಮನೆ ಕುಳಿತ ದಣಿವು ಕೆಟ್ಟದ್ದು. ಮನೆಗೆ ಬಂದು ಹೇಳಿದರೆ ಯಾರೂ ನಂಬುವುದಿಲ್ಲ.

ಮೊದಲು ಮೇಲಧಿಕಾರಿಗೆ ಎರಡು ಸಾಲು ಬರೆದು ಕೊಡಿ: ಕೈ ಖಾಲಿ ಇದೆ, ಯಾವ ಕೆಲಸವಾದರೂ ಸರಿ. ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ದಿನಾಂಕ ಹಾಕಿದ ಒಂದು ನಕಲು ನಿಮ್ಮಲ್ಲಿರಲಿ, ನಾಳೆ ಯಾರಾದರೂ ಬೆರಳು ತೋರಿಸಿದರೆ ಬೇಕಾಗುತ್ತದೆ.

ನನ್ನನ್ನು ಉಳಿಸಿದ್ದು ಬಾಗಿಲ ಬಳಿಯ ಬೆಂಚು. ಪೈವಳಿಕೆ ಕಡೆಯ ಅಜ್ಜಿಯೊಬ್ಬರು ಮಲಯಾಳಂ ಅರ್ಜಿಯನ್ನು ತಲೆಕೆಳಗಾಗಿ ಹಿಡಿದು ಕುಳಿತಿದ್ದರು. ಓದಿ ಹೇಳಿ ತುಂಬಿಸಿಕೊಟ್ಟೆ. ಮರುವಾರದಿಂದ ಕನ್ನಡದವರೆಲ್ಲ ನನ್ನ ಮೇಜಿಗೇ ಬರತೊಡಗಿದರು. ಹೆಡ್ ಕ್ಲಾರ್ಕ್ ಮೊದಲು ಮುಖ ಸಿಂಡರಿಸಿದರು, ಆಮೇಲೆ ಅವರೇ ಕಳುಹಿಸುತ್ತಿದ್ದರು. ನೀವು ಮಾತ್ರ ಮೇಲಧಿಕಾರಿಯನ್ನು ಕೇಳಿಕೊಂಡೇ ಶುರು ಮಾಡಿ, ಕಡತಕ್ಕೆ ಕೈ ಹಾಕಬೇಡಿ.

ಉಳಿದ ಹೊತ್ತಿಗೆ ಮಲಯಾಳಂ ಟೈಪಿಂಗ್ ಕಲಿಯಿರಿ. ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ಕಾಸರಗೋಡಿನಲ್ಲಿ ಕನ್ನಡ, ಮಲಯಾಳಂ ಎರಡೂ ಬಲ್ಲ ಗುಮಾಸ್ತರ ಹುದ್ದೆಗೆ ಬೇರೆಯಾಗಿಯೇ ಅರ್ಜಿ ಕರೆಯುತ್ತದೆ. ಮೊಬೈಲ್ ಮಾತ್ರ ಚೀಲದಲ್ಲಿರಲಿ. ಕೆಲಸವಿಲ್ಲದವನ ಕೈಯ ಮೊಬೈಲ್ ಎಲ್ಲರ ಕಣ್ಣಿಗೂ ಬೀಳುತ್ತದೆ.

ಅಂದ ಹಾಗೆ, ಗುತ್ತಿಗೆ ಪತ್ರದಲ್ಲಿ ಮುಗಿಯುವ ದಿನಾಂಕ ನೋಡಿದ್ದೀರಾ?