ಸಿಮ್ಯುಲೇಶನ್ ಗೇಮ್‌ಗಳಲ್ಲಿ ಇಷ್ಟು ವರ್ಷ ಬೆಳೆದಿದ್ದು ಗ್ರಾಫಿಕ್ಸ್ ಮಾತ್ರವೇ? ಚಿಕ್ಕದೊಂದು ನಗರ ಕಟ್ಟುವ ಆಟ ಬರೆಯಲು ಎಲ್ಲಿಂದ ಶುರು ಮಾಡಲಿ?

ಗ್ರಾಫಿಕ್ಸ್ ಪಕ್ಕಕ್ಕಿಡಿ. ಆಟ ಯಾವುದನ್ನು ನಿಜಕ್ಕೂ ಲೆಕ್ಕ ಹಾಕುತ್ತದೆ, ಯಾವುದನ್ನು ಹಾಕಿದ ಹಾಗೆ ನಟಿಸುತ್ತದೆ ಅನ್ನುವುದೇ ಇಲ್ಲಿನ ಇತಿಹಾಸ.

ಮೊದಲು ಇದ್ದದ್ದು ಬರೀ ಕೂಡು-ಕಳೆ. 1964ರಲ್ಲಿ ಮೇಬಲ್ ಆಡಿಸ್ ಎಂಬ ಶಿಕ್ಷಕಿ ಐಬಿಎಂ 7090 ಯಂತ್ರಕ್ಕಾಗಿ ರೂಪಿಸಿದ 'ದ ಸುಮೇರಿಯನ್ ಗೇಮ್'ನಲ್ಲಿ ಆಡುವವನು ದೊರೆ, ಧಾನ್ಯ ಹಂಚುವುದು ಆಟ. ಅದರಿಂದ ಹುಟ್ಟಿದ 'ಹಮುರಾಬಿ' ಆಟದ, ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿಯಲ್ಲಿ ತಲೆಗೆ ವರ್ಷಕ್ಕೆ 20 ಬುಶೆಲ್ (ಧಾನ್ಯದ ಅಳತೆ) ಊಟ, ಎರಡು ಎಕರೆಗೆ ಒಂದು ಬುಶೆಲ್ ಬೀಜ, ಒಬ್ಬ ಉಳಬಲ್ಲದ್ದು 10 ಎಕರೆ. ಒಂದೇ ವರ್ಷದಲ್ಲಿ ಶೇ 45ಕ್ಕಿಂತ ಹೆಚ್ಚು ಜನ ಹಸಿವಿನಿಂದ ಸತ್ತರೆ ಪಟ್ಟ ಹೋಯಿತು. ಇಡೀ ರಾಜ್ಯ ಬೆರಳೆಣಿಕೆಯ ಸಂಖ್ಯೆಗಳಲ್ಲಿ ಮುಗಿಯುತ್ತದೆ. ಯಾವ ಹೊಲ ಎಲ್ಲಿದೆ ಅನ್ನುವ ಪ್ರಶ್ನೆಯೇ ಏಳುವುದಿಲ್ಲ.

ಆ ಪ್ರಶ್ನೆಯನ್ನೇ ಆಟ ಮಾಡಿದ್ದು 1989ರ ಸಿಮ್‌ಸಿಟಿ. ಹೆಲಿಕಾಪ್ಟರ್ ಯುದ್ಧದ ಆಟಕ್ಕೆ ನಕ್ಷೆ ಬಿಡಿಸುವಾಗ, ಬಾಂಬ್ ಹಾಕುವುದಕ್ಕಿಂತ ಊರು ಕಟ್ಟುವುದೇ ಅದನ್ನು ರೂಪಿಸಿದ ವಿಲ್ ರೈಟ್‌ಗೆ ಹೆಚ್ಚು ಹಿಡಿಸಿತ್ತು. ಸಿಮ್‌ಸಿಟಿಯ ಕೋಡ್ 2008ರಲ್ಲಿ 'ಮೈಕ್ರೊಪೊಲಿಸ್' ಹೆಸರಲ್ಲಿ ಮುಕ್ತವಾಗಿದೆ, ಖಂಡಿತ ಓದಿ. ನಕ್ಷೆ 120×100 ಚೌಕ. ಕೆಲಸವನ್ನು 16 ಹಂತಕ್ಕೆ ಹಂಚಿದ್ದಾರೆ: ಎಂಟು ಹಂತ ನಕ್ಷೆಯನ್ನು ಎಂಟು ತುಂಡಾಗಿ ನೋಡುವುದಕ್ಕೆ, ಮಿಕ್ಕವು ತೆರಿಗೆ, ವಿದ್ಯುತ್, ಮಾಲಿನ್ಯ, ಅಪರಾಧ ಮುಂತಾದವಕ್ಕೆ. ಮಾಲಿನ್ಯದ ಪದರ 2×2 ಚೌಕಕ್ಕೆ ಒಂದೇ ಸಂಖ್ಯೆ ಇಡುತ್ತದೆ. ಇನ್ನು ರಸ್ತೆಯ ಮೇಲಿನ ಕಾರುಗಳು? ಅವು ಇಲ್ಲವೇ ಇಲ್ಲ! ವಲಯದಿಂದ (ಮನೆ, ಅಂಗಡಿ, ಕಾರ್ಖಾನೆಗೆ ಗುರುತು ಮಾಡಿದ ಜಾಗ) ಹೊರಟ ಒಂದು ಹುಡುಕಾಟ ರಸ್ತೆಯಲ್ಲಿ ಸುಮಾರು 30 ಚೌಕ ಅಡ್ಡಾಡಿ, ಗುರಿ ಸಿಕ್ಕರೆ ಹಾದಿಯ ದಟ್ಟಣೆ ಏರಿಸುತ್ತದೆ. ನಿಮಗೆ ಕಾಣುವುದು ಆ ದಟ್ಟಣೆಯ ಚಿತ್ರ. ಇಷ್ಟು ಸೊಗಸಾದ ಕಳ್ಳಲೆಕ್ಕ ಆಮೇಲೆ ಬಂದಿಲ್ಲ ಅಂತ ನನ್ನ ಅಭಿಪ್ರಾಯ.

ಮುಂದಿನವರು ಒಬ್ಬೊಬ್ಬ ನಾಗರಿಕನನ್ನೂ ನಡೆಸಲು ಹೊರಟರು. 2013ರ ಸಿಮ್‌ಸಿಟಿಯಲ್ಲಿ ಜನರಿಗೆ ಕಾಯಂ ಮನೆಯಿಲ್ಲ, ಸಂಜೆಯಾದರೆ ಹತ್ತಿರದ ಖಾಲಿ ಮನೆಗೆ ಹೋಗುತ್ತಾರೆ. ಬಿಡುಗಡೆಯ ಹೊತ್ತಿಗೆ ದಾರಿಯ ಆಯ್ಕೆಯೂ ದೂರವನ್ನಷ್ಟೇ ನೋಡುತ್ತಿತ್ತು, ಹಾಗಾಗಿ ಎಲ್ಲರೂ ಒಂದೇ ಗಲ್ಲಿಗೆ ನುಗ್ಗಿ ಸಿಕ್ಕಿಬಿದ್ದರು. 2015ರ 'ಸಿಟೀಸ್: ಸ್ಕೈಲೈನ್ಸ್' ಮನೆ, ಕೆಲಸ ಎರಡನ್ನೂ ನಿಗದಿ ಮಾಡಿತು, ಆದರೆ ಒಮ್ಮೆಗೆ ಓಡಾಡಬಲ್ಲವರು 65,536, ವಾಹನ 16,384. ನಗರ ಎಷ್ಟೇ ದೊಡ್ಡದಾದರೂ ಉಳಿದವರು ಕಟ್ಟಡದೊಳಗೇ.

ವಿಮಾನ, ರಾಕೆಟ್ ಆಟಗಳದ್ದು ಬೇರೆ ಕವಲು, ಅಲ್ಲಿನ ತೊಂದರೆ ದಶಮಾಂಶದ್ದು. 32 ಬಿಟ್ ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಮಾಂಶ ಸಂಖ್ಯೆ ಇಡುವ ಒಂದು ಬಗೆ) ಮೂಲಬಿಂದುವಿನಿಂದ, ಅಂದರೆ ಅಳತೆಯ ಸೊನ್ನೆಯಿಂದ, 10 ಕಿ.ಮೀ. ದೂರದಲ್ಲಿ ನಿಖರತೆ ಸುಮಾರು 1 ಮಿ.ಮೀ., 1,000 ಕಿ.ಮೀ. ದಾಟಿದರೆ 6 ಸೆಂ.ಮೀ. ಆಗ ಭಾಗಗಳನ್ನು ಜೋಡಿಸಿದ ಕೀಲುಗಳು ನಡುಗಿ ರಾಕೆಟ್ ಚೂರಾಗುತ್ತದೆ. ಪರಿಹಾರ: ರಾಕೆಟನ್ನು ಸೊನ್ನೆಯ ಹತ್ತಿರವೇ ಇಟ್ಟು ಜಗತ್ತನ್ನು ಸರಿಸುವುದು.

ನಾನಾದರೆ ನಿಮ್ಮ ಆಟವನ್ನು ಚೌಕಗಳಿಂದಲೇ ಶುರು ಮಾಡುತ್ತೇನೆ. 64×64 ಸಾಕು, ನಾಗರಿಕರ ಗೊಡವೆ ಸದ್ಯಕ್ಕೆ ಬೇಡ. ಮಾಲಿನ್ಯ ಹರಡುವಾಗ ಎರಡು ಅರೇ (ಚೌಕಗಳ ಸಂಖ್ಯೆಗಳ ಪಟ್ಟಿ) ಇಡಿ: ಹಳೆಯದನ್ನು ಓದಿ, ಹೊಸದಕ್ಕೆ ಬರೆದು, ಕೊನೆಗೆ ಅದಲು ಬದಲು ಮಾಡಿ. ಒಂದರಲ್ಲೇ ಬರೆದರೆ ಲೂಪ್ ಸಾಗುವ ದಿಕ್ಕಿಗೇ ಹೊಗೆಯೆಲ್ಲ ವಾಲುತ್ತದೆ, ಗಾಳಿ ಬೀಸಿದ ಹಾಗೆ. ಲೆಕ್ಕದ ಹೆಜ್ಜೆ ಸೆಕೆಂಡಿಗೆ 10 ಎಂದು ನಿಗದಿಯಾಗಿರಲಿ, ಚಿತ್ರ ಬಿಡಿಸುವುದಕ್ಕೆ ಅದನ್ನು ಕಟ್ಟಿಹಾಕಬೇಡಿ. ಎಂಟು ಪಟ್ಟು ವೇಗದ ಬಟನ್ ಇಟ್ಟರೆ ಅದೇ ಹೆಜ್ಜೆಯನ್ನು ಎಂಟು ಸಲ ಓಡಿಸಿ. ಹೆಜ್ಜೆಯನ್ನೇ ಎಂಟು ಪಟ್ಟು ಉದ್ದ ಮಾಡಿದರೆ, ಸತ್ತವರ ಸಂಖ್ಯೆ ಇದ್ದವರಿಗಿಂತ ಹೆಚ್ಚಾಗಿ ಜನಸಂಖ್ಯೆ ಸೊನ್ನೆಗಿಂತ ಕೆಳಗಿಳಿಯಬಹುದು.